ತ್ವಚೆಯ ಹದ: ಒಣಚರ್ಮಕ್ಕೆ ಸ್ನಿಗ್ಧಲೇಪವನ್ನು ಆರಿಸುವ ಮತ್ತು ಬಳಸುವ ಕ್ರಮ

ಕನ್ನಡ ನುಡಿಯಲ್ಲಿ ‘ಹದ’ ಎಂಬುದು ಬಹು ಅರ್ಥವತ್ತಾದ ಶಬ್ದ. ಬಿತ್ತನೆಗೆ ತಕ್ಕಷ್ಟು ತೇವವನ್ನು ಹಿಡಿದಿರುವ ನೆಲವನ್ನು ಹದವಾದ ನೆಲವೆನ್ನುತ್ತೇವೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವ ಗಳಿಗೆಯನ್ನು ಪಾಕದ ಹದವೆನ್ನುತ್ತೇವೆ. ಹಸಿಯ ತೊಗಲನ್ನು ಬಳಕೆಗೆ ಒಗ್ಗಿಸುವುದಕ್ಕೂ ತೊಗಲನ್ನು ಹದಮಾಡುವುದೆಂದೇ ಹೆಸರು. ಈ ಮೂರೆಡೆಯಲ್ಲಿಯೂ ಅಭಿಪ್ರಾಯ ಒಂದೇ: ತೇವವು ಮಿತಿಮೀರಲೂ ಬಾರದು, ಮಿತಿಗಿಂತ ಕುಂದಲೂ ಬಾರದು. ಜೀವಂತ ಮನುಷ್ಯನ ಚರ್ಮಕ್ಕೂ ಇಂಥದೊಂದು ಹದವುಂಟು. ಆ ಹದವು ತಪ್ಪಿದಾಗ ಚರ್ಮವು ಬಿಗಿಯುತ್ತದೆ, ಹೊಟ್ಟೇಳುತ್ತದೆ, ತುರಿಸುತ್ತದೆ, ಕಡೆಗೆ ಬಿರಿಯುತ್ತದೆ. ತಪ್ಪಿದ ಹದವನ್ನು ಮರಳಿ ತರುವ ಬಗೆ ಹೇಗೆಂಬುದೇ ಪ್ರಕೃತ ಲೇಖನದ ವಿಷಯ.

ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಮೈಗೆ ಹಚ್ಚುವ ಲೇಪದ ವಿಚಾರವೇಕೆ ಎಂದು ವಾಚಕ ಮಹನೀಯರಿಗೆ ಸಂದೇಹ ಹುಟ್ಟಬಹುದು. ಇದು ಶೃಂಗಾರಸಾಧನದ ಮಾತಾಗಿದ್ದರೆ ಆ ಸಂದೇಹವು ಯುಕ್ತವೇ ಆಗುತ್ತಿತ್ತು. ಆದರೆ ಹಿಮ್ಮಡಿ ಸೀಳಿದ ಕೂಲಿಯ ಹೆಣ್ಣುಮಗಳಿಗೆ ಅದು ಒಂದು ದಿನದ ದುಡಿಮೆಯ ಪ್ರಶ್ನೆ. ಇರುಳೆಲ್ಲ ಮೈ ತುರಿಸಿಕೊಳ್ಳುವ ವೃದ್ಧರಿಗೆ ಅದು ನಿದ್ರೆಯ ಪ್ರಶ್ನೆ. ಮಧುಮೇಹವುಳ್ಳವರಿಗಂತೂ ಅಂಗಾಲಿನ ಒಂದು ಸಣ್ಣ ಬಿರುಕು ಕಾಲನ್ನೇ ಕಳೆದುಕೊಳ್ಳುವವರೆಗೂ ಮುಂದುವರಿಯಬಲ್ಲುದು. ಇಷ್ಟಾಗಿಯೂ ನಮ್ಮ ಜನ ಒಣಚರ್ಮವನ್ನು ಬಡತನದಂತೆ, ಮುಪ್ಪಿನಂತೆ, ಹಣೆಯಲ್ಲಿ ಬರೆದದ್ದೆಂದು ಸಹಿಸಿಕೊಂಡು ಬಂದಿದ್ದಾರೆ. ಅದು ಹಣೆಬರಹವಲ್ಲ. ಅಲ್ಪ ವೆಚ್ಚದಿಂದಲೂ ಅಲ್ಪ ತಿಳಿವಳಿಕೆಯಿಂದಲೂ ಬಹುಪಾಲು ನೀಗಬಹುದಾದ ಸಂಕಟ.

ನಮ್ಮ ನೆಲ, ನಮ್ಮ ದುಡಿಮೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಇವು ಮಂಡ್ಯ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳೇ ಆದರೂ ನೀರಿನ ಭಾಗ್ಯದಲ್ಲಿ ಸಮಾನವಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯೂ ವಿಶ್ವೇಶ್ವರಯ್ಯ ನಾಲೆಯೂ ಕಾವೇರಿಯ ಹಳೆಯ ಕಾಲುವೆಗಳೂ ಮೊದಲಿನ ಎರಡು ತಾಲ್ಲೂಕುಗಳ ಬಹುಭಾಗವನ್ನು ಗದ್ದೆಬಯಲಾಗಿ ಮಾಡಿವೆ. ಕೃಷ್ಣರಾಜಪೇಟೆಗೆ ಹೇಮಾವತಿಯ ನೆರವುಂಟು. ಆದರೂ ಅದರ ಬೆದ್ದಲು ಭೂಮಿಯೂ ನಾಗಮಂಗಲದ ಹೆಚ್ಚಿನ ನೆಲವೂ ಮಳೆ, ಕೆರೆ, ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿವೆ. ಮಾರ್ಗಶಿರ ಪುಷ್ಯಗಳ ಚಳಿಗಾಳಿಯಲ್ಲಿಯೂ ಅದರ ಬೆನ್ನಿಗೆ ಬರುವ ಮಾಘ ಫಾಲ್ಗುಣಗಳ ಒಣಹವೆಯಲ್ಲಿಯೂ ಬೆದ್ದಲು ಸೀಮೆಯವರ ತುಟಿ, ಕೆನ್ನೆ, ಮೊಣಕಾಲು, ಹಿಮ್ಮಡಿಗಳು ಮೊದಲು ಒಣಗುವುದು ಸಹಜ.

ಆದರೆ ಗದ್ದೆಬಯಲಿನವರಿಗೆ ಈ ತೊಂದರೆ ಇಲ್ಲವೆಂದು ಭಾವಿಸಬಾರದು. ಸದಾ ನೀರಿನಲ್ಲಿ ನಿಲ್ಲುವ ಕಾಲೂ ಒಣಗುತ್ತದೆ. ಇದು ಕೇಳುವುದಕ್ಕೆ ವಿರೋಧಾಭಾಸದಂತೆ ತೋರಿದರೂ ಕಾರಣವನ್ನು ವಿಚಾರಿಸಿದರೆ ವಿರೋಧವು ಪರಿಹಾರವಾಗುತ್ತದೆ. ನಾಟಿಯ ಕೆಸರಿನಲ್ಲಿ ಹಗಲೆಲ್ಲ ನೆನೆದ ಚರ್ಮವು ಉಬ್ಬಿ, ತನ್ನಲ್ಲಿದ್ದ ತೇವಧಾರಕ ದ್ರವ್ಯಗಳನ್ನು ನೀರಿಗೆ ಬಿಟ್ಟುಕೊಡುತ್ತದೆ. ಸಂಜೆ ದಡಕ್ಕೆ ಬಂದ ಮೇಲೆ ಗಾಳಿಗೆ ಆ ನೀರು ಆರಿಹೋಗುವಾಗ ಹಿಡಿದುಕೊಳ್ಳುವ ಶಕ್ತಿಯಿಲ್ಲದ ಚರ್ಮವು ಮೊದಲಿಗಿಂತ ಹೆಚ್ಚು ಒಣಗುತ್ತದೆ. ಹೀಗೆ ನೆನೆಯುವುದೂ ಆರುವುದೂ ದಿನದಿನವೂ ನಡೆದರೆ ಬಿರುಕು ಬಿಡುವುದು ಅನಿವಾರ್ಯ. ಇದರ ಮೇಲೆ ಕಬ್ಬಿನ ಗರಿಯ ಗೀರು, ಆಲೆಮನೆಯ ಒಲೆಯ ಝಳ, ಬೆಲ್ಲದ ಪಾಕಕ್ಕೆ ಹಾಕುವ ಸುಣ್ಣ, ರೇಷ್ಮೆಹುಳು ಸಾಕುವ ಮನೆಯನ್ನು ಶುದ್ಧಮಾಡಲು ಬಳಸುವ ಬ್ಲೀಚಿಂಗ್ ಪುಡಿ, ಮನೆಕಟ್ಟುವವರ ಕೈಗೆ ಮೆತ್ತುವ ಸಿಮೆಂಟು, ಗೃಹಿಣಿಯರ ಪಾತ್ರೆ ಬಟ್ಟೆಗಳ ಸಾಬೂನು, ಇವೆಲ್ಲವೂ ಚರ್ಮದ ಜಿಡ್ಡನ್ನು ಅಪಹರಿಸತಕ್ಕವುಗಳೇ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಮೈಮೇಲೆ ಪೊರೆಯಾಗಿ ಉಳಿದು ತುರಿಕೆಯನ್ನು ಹೆಚ್ಚಿಸುವುದೂ ಉಂಟು.

ಚರ್ಮವೆಂಬ ಗೋಡೆ

ಚರ್ಮದ ಹೊರಮೈಯಲ್ಲಿ ಹದಿನೈದಿಪ್ಪತ್ತು ಪದರಗಳ ಒಂದು ತೆಳುವಾದ ಹೊದಿಕೆಯಿದೆ. ಅಂಗೈ ಅಂಗಾಲುಗಳನ್ನು ಬಿಟ್ಟರೆ ಮಿಕ್ಕೆಡೆಗಳಲ್ಲಿ ಅದು ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟೂ ದಪ್ಪವಿರುವುದು ಅಪರೂಪ. ಇದನ್ನು ವಿಜ್ಞಾನಿಗಳು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಸತ್ತು ಚಪ್ಪಟೆಯಾದ ಕಣಗಳು ಇಟ್ಟಿಗೆಗಳು; ಅವುಗಳ ನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳೆಂಬ ಜಿಡ್ಡುದ್ರವ್ಯಗಳು ಗಾರೆ. ಇಟ್ಟಿಗೆಯೊಳಗೆ ಯೂರಿಯ ಮೊದಲಾದ ತೇವಧಾರಕಗಳು ನೀರನ್ನು ಹಿಡಿದಿರುತ್ತವೆ. ಗಾರೆಯು ಆ ನೀರು ಹೊರಕ್ಕೆ ಆವಿಯಾಗದಂತೆಯೂ ಹೊರಗಿನ ಕ್ರಿಮಿ ಕ್ಷಾರಗಳು ಒಳನುಗ್ಗದಂತೆಯೂ ತಡೆಯುತ್ತದೆ. ಈ ಹೊದಿಕೆಯಲ್ಲಿ ನೀರಿನ ಪ್ರಮಾಣವು ನೂರಕ್ಕೆ ಹತ್ತರ ಸುಮಾರಿಗಿಂತ ಕೆಳಗಿಳಿದಾಗ ಅದು ಬಾಗುವ ಗುಣವನ್ನು ಕಳೆದುಕೊಂಡು ಒಣಗಿದ ಕೆರೆಯಂಗಳದಂತೆ ಸೀಳುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಚರ್ಮವನ್ನು ಮೆದುಗೊಳಿಸುವುದು ಎಣ್ಣೆಯೆಂದೇ ಲೋಕದ ನಂಬಿಕೆ. 1952ರಲ್ಲಿ ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿಯು ಒಣಗಿ ಗಡುಸಾದ ಚರ್ಮದ ತುಣುಕುಗಳ ಮೇಲೆ ಪ್ರಯೋಗ ನಡೆಸಿ ಬೇರೊಂದು ನಿರ್ಣಯವನ್ನು ಕೊಟ್ಟನು. ಬರಿಯ ಎಣ್ಣೆಯಲ್ಲಿ ಅದ್ದಿಟ್ಟರೂ ಅವು ಮೆದುವಾಗಲಿಲ್ಲ. ನೀರನ್ನು ಹೀರಿದಾಗ ಮೆದುವಾದವು. ಎಂದಮೇಲೆ ಚರ್ಮವನ್ನು ಮೆದುಗೊಳಿಸುವುದು ನೀರು; ಆ ನೀರನ್ನು ಕಾಯುವುದು ಜಿಡ್ಡು. ಬೆದ್ದಲು ಬೇಸಾಯಗಾರನಿಗೆ ಇದು ಹೊಸ ಪಾಠವಲ್ಲ. ಮಳೆ ಬಿದ್ದ ಮೇಲೆ ನೆಲದ ಹಸಿ ಆರುವ ಮುನ್ನವೇ ಕುಂಟೆ ಹೊಡೆದು ಮೇಲ್ಮಣ್ಣಿನ ಹೊದಿಕೆಯಿಂದ ಒಳಗಿನ ತೇವವನ್ನು ಅವನು ಉಳಿಸಿಕೊಳ್ಳುತ್ತಾನೆ. ಒಣನೆಲದ ಮೇಲೆ ಎಷ್ಟು ಸಲ ಕುಂಟೆ ಹೊಡೆದರೂ ತೇವ ಹುಟ್ಟುವುದಿಲ್ಲ. ಅಂತೆಯೇ ಒಣಗಿದ ಮೈಗೆ ಜಿಡ್ಡು ಬಳಿಯುವುದಕ್ಕಿಂತ ನೆನೆದ ಮೈಗೆ, ತೇವ ಆರುವ ಮುನ್ನ, ಜಿಡ್ಡು ಬಳಿಯುವುದು ಹೆಚ್ಚು ಫಲದಾಯಕ. ಈ ಒಂದು ಸೂತ್ರವನ್ನು ಹಿಡಿದರೆ ಮುಂದಿನ ವಿಷಯವೆಲ್ಲವೂ ಅದರ ಭಾಷ್ಯವೆಂದು ತಿಳಿಯಬಹುದು.

ಸ್ನೇಹಶಬ್ದದ ವಿಚಾರ

ಸಂಸ್ಕೃತದಲ್ಲಿ ಎಣ್ಣೆ ತುಪ್ಪಗಳಿಗೂ ಪ್ರೀತಿಗೂ ‘ಸ್ನೇಹ’ವೆಂದು ಒಂದೇ ಹೆಸರು. ಅಂಟುವುದು, ಒಂದಾಗುವುದು ಎಂಬರ್ಥದ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಪ್ರತಿಯಾದುದು ‘ರೂಕ್ಷ’. ಒಣಚರ್ಮವೂ ರೂಕ್ಷ, ಒರಟು ಮಾತೂ ರೂಕ್ಷ. ಕನ್ನಡದಲ್ಲಿ ಎಳ್ಳಿನ ನೆಯ್ಯೇ ‘ಎಣ್ಣೆ’, ಬೆಳ್ಳನೆಯ ನೆಯ್ಯೇ ‘ಬೆಣ್ಣೆ’. ಇಲ್ಲಿ ನೆಯ್ ಎಂದರೆ ಜಿಡ್ಡು. ತಿಲದಿಂದ ಬಂದ ‘ತೈಲ’ದಂತೆಯೇ ‘ಎಣ್ಣೆ’ಯೂ ಮೊದಲಲ್ಲಿ ಎಳ್ಳಿನದೇ ಆಗಿದ್ದು, ಕಾಲಾನಂತರದಲ್ಲಿ ಎಲ್ಲ ಬೀಜಗಳ ಜಿಡ್ಡಿಗೂ ವ್ಯಾಪಿಸಿತು.

ಚರಕಸಂಹಿತೆಯು ಅಭ್ಯಂಗವನ್ನು ಹೇಳುವಾಗ ಮೂರು ದೃಷ್ಟಾಂತಗಳನ್ನು ಕೊಡುತ್ತದೆ: ಎಣ್ಣೆಯುಂಡ ಗಡಿಗೆ, ಎಣ್ಣೆಯಿಂದ ತಿಕ್ಕಿದ ತೊಗಲು, ಜಿಡ್ಡು ಹಚ್ಚಿದ ಬಂಡಿಯ ಅಚ್ಚು. ಇವು ಹೇಗೆ ಗಟ್ಟಿಯಾಗಿ ಕಷ್ಟವನ್ನು ತಾಳುತ್ತವೆಯೋ ಹಾಗೆಯೇ ಅಭ್ಯಂಗದಿಂದ ಶರೀರವೂ ತಾಳುತ್ತದೆಂಬುದು ಅದರ ತಾತ್ಪರ್ಯ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಒತ್ತಬೇಕೆಂದು ವಾಗ್ಭಟನ ಅಷ್ಟಾಂಗಹೃದಯವು ವಿಧಿಸುತ್ತದೆ. ಅಂಗೈ ಅಂಗಾಲುಗಳ ಒಡಕನ್ನು ವೈದ್ಯಶಾಸ್ತ್ರವು ‘ವಿಪಾದಿಕೆ’ಯೆಂದು ಹೆಸರಿಸಿ, ಅದಕ್ಕೆ ತುಪ್ಪ ಎಣ್ಣೆಗಳೊಡನೆ ರಾಳವನ್ನೂ ಜೇನುಮೇಣವನ್ನೂ ಕೂಡಿಸಿದ ಲೇಪವನ್ನು ಹೇಳಿದೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸನ ಸ್ನಾನಕ್ಕೆ ಸುಗಂಧತೈಲಗಳ ವಿವರಗಳಿವೆ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ಪಾಕ, ವೈದ್ಯ, ಸುಗಂಧಗಳ ಪ್ರಯೋಗಗಳನ್ನು ಕನ್ನಡದಲ್ಲಿಯೇ ಹೇಳಿತು. ಗಾಣಗಳ ಮೇಲಣ ತೆರಿಗೆಯು ನಮ್ಮ ಶಾಸನಗಳಲ್ಲಿ ಮತ್ತೆಮತ್ತೆ ಕಾಣಿಸುವುದನ್ನು ನೋಡಿದರೆ ಎಣ್ಣೆಯ ವ್ಯವಹಾರವು ಎಷ್ಟು ಹಳೆಯದೆಂಬುದು ವೇದ್ಯವಾಗುತ್ತದೆ.

ಇವೆಲ್ಲಕ್ಕಿಂತಲೂ ಪ್ರಕೃತಕ್ಕೆ ಹತ್ತಿರವಾದುದು ‘ಶತಧೌತ ಘೃತ’. ತುಪ್ಪಕ್ಕೆ ನೀರು ಬೆರೆಸಿ ತಾಮ್ರದ ಪಾತ್ರೆಯಲ್ಲಿ ತಿಕ್ಕಿ, ಆ ನೀರನ್ನು ಚೆಲ್ಲಿ ಮತ್ತೆ ಹೊಸ ನೀರು ಹಾಕುತ್ತ ನೂರು ಸಲ ತೊಳೆದಾಗ ತುಪ್ಪವು ತನ್ನ ಬಣ್ಣವನ್ನೂ ಹರಳನ್ನೂ ಬಿಟ್ಟು ಬೆಳ್ಳಗೆ ನುಣ್ಣಗೆ ಬೆಣ್ಣೆಯಂತಾಗುತ್ತದೆ. ಇದು ಮೈಗೆ ಹಚ್ಚುವುದಕ್ಕೇ ಹೊರತು ತಿನ್ನುವುದಕ್ಕಲ್ಲ. ಗ್ರೀಕ್ ವೈದ್ಯನಾದ ಗೇಲನ್ನನು 2ನೆಯ ಶತಮಾನದಲ್ಲಿ ಜೇನುಮೇಣ, ಎಣ್ಣೆ, ಪನ್ನೀರುಗಳನ್ನು ಬೆರೆಸಿ ಮಾಡಿದನೆನ್ನಲಾದ ಲೇಪದ ತತ್ತ್ವವೂ ಇದೇ. ನೀರನ್ನೂ ಜಿಡ್ಡನ್ನೂ ಒಡೆಯದಂತೆ ಕೂಡಿಸುವ ಈ ವಿದ್ಯೆಯೇ ಇಂದು ‘ಮಾಯಿಶ್ಚರೈಸರ್’ ಎಂಬ ಹೆಸರಿನಿಂದ ಅಂಗಡಿಯ ಕಪಾಟಿನಲ್ಲಿ ಕುಳಿತಿದೆ. ಅದನ್ನು ನಾವು ‘ಸ್ನಿಗ್ಧಲೇಪ’ವೆಂದು ಕರೆಯೋಣ.

ಲೇಪದ್ರವ್ಯಗಳ ಮೂರು ಬಗೆ

ಸ್ನಿಗ್ಧಲೇಪದಲ್ಲಿ ಮೂರು ಬಗೆಯ ದ್ರವ್ಯಗಳು ಮೂರು ಕೆಲಸಗಳನ್ನು ಮಾಡುತ್ತವೆ.

ಮೊದಲನೆಯವು ತೇವಧಾರಕಗಳು, ನೀರನ್ನು ಸೆಳೆದು ಹಿಡಿಯತಕ್ಕವು. ಗ್ಲಿಸರಿನ್, ಯೂರಿಯ, ಲ್ಯಾಕ್ಟಿಕ್ ಆಮ್ಲ ಇವು ಈ ವರ್ಗದವು. ಯೂರಿಯವೆಂದರೆ ನಮ್ಮ ರೈತರು ಗದ್ದೆಗೆ ಚೆಲ್ಲುವ ಗೊಬ್ಬರವಲ್ಲವೇ ಎಂದು ಕೇಳಬಹುದು. ದ್ರವ್ಯವು ಅದೇ; ಬೆವರಿನಲ್ಲಿಯೂ ಚರ್ಮದಲ್ಲಿಯೂ ಸಹಜವಾಗಿ ಇರತಕ್ಕದ್ದೇ. ಆದರೆ ಔಷಧಕ್ಕೆ ಬಳಸುವುದು ಶುದ್ಧಿಗೊಳಿಸಿ ಗೊತ್ತಾದ ಪ್ರಮಾಣದಲ್ಲಿ ಬೆರೆಸಿದುದು. ಗೊಬ್ಬರದ ಚೀಲದ ಯೂರಿಯವನ್ನು ಯಾರೂ ಮೈಗೆ ಹಚ್ಚಿಕೊಳ್ಳಬಾರದು. ನೂರಕ್ಕೆ ಹತ್ತರಷ್ಟು ಯೂರಿಯವುಳ್ಳ ಲೇಪವು ತೇವವನ್ನು ಹಿಡಿಯುತ್ತದೆ. ಇಪ್ಪತ್ತಕ್ಕೆ ಮೇಲ್ಪಟ್ಟದ್ದು ಗಡುಸಾದ ಚರ್ಮವನ್ನು ಸಡಿಲಿಸುತ್ತದೆ.

ಎರಡನೆಯವು ಮೃದುಕಾರಕಗಳು, ಇಟ್ಟಿಗೆಗಳ ಸಂದುಗಳನ್ನು ತುಂಬಿ ನುಣುಪುಗೊಳಿಸತಕ್ಕವು. ಬೀಜಗಳಿಂದ ತೆಗೆದ ಎಣ್ಣೆಗಳು, ಶಿಯಾ ಬೆಣ್ಣೆ, ಸೆರಮೈಡ್ ಮುಂತಾದವು ಇಲ್ಲಿ ಬರುತ್ತವೆ.

ಮೂರನೆಯವು ಆವರಕಗಳು, ಮೇಲೆ ಮುಚ್ಚಳದಂತೆ ಕುಳಿತು ನೀರು ಆವಿಯಾಗದಂತೆ ತಡೆಯತಕ್ಕವು. ಜೇನುಮೇಣ, ಕುರಿಯ ತುಪ್ಪಟದ ಜಿಡ್ಡಾದ ಲ್ಯಾನೋಲಿನ್, ಕಲ್ಲೆಣ್ಣೆಯಿಂದ ಬರುವ ಪೆಟ್ರೋಲಿಯಂ ಜೆಲ್ಲಿ ಇವು ಈ ವರ್ಗದವು. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಎಂಬಾತನು ಪೇಟೆಂಟ್ ಪಡೆದು ‘ವ್ಯಾಸಲೀನ್’ ಎಂದು ಹೆಸರಿಟ್ಟ ಈ ಜೆಲ್ಲಿಯನ್ನು ತೇವರಕ್ಷಣೆಯಲ್ಲಿ ಮೀರಿಸುವ ದ್ರವ್ಯವು ಇಂದಿಗೂ ವಿರಳ. ಅದು ಅಗ್ಗವಾದುದು, ಬೇಗ ಕೆಡದು, ವಾಸನೆಯಿಲ್ಲ, ಬಹುಮಟ್ಟಿಗೆ ಯಾರ ಮೈಗೂ ಒಗ್ಗದೆ ಹೋಗುವುದಿಲ್ಲ. ಅದರ ದೋಷವೆಂದರೆ ಅಂಟು, ಬಟ್ಟೆಗೆ ಹತ್ತುವ ಜಿಡ್ಡು, ಬೇಸಿಗೆಯಲ್ಲಿ ಬೆವರಿನ ಕಸಿವಿಸಿ.

ಮನೆಯ ಎಣ್ಣೆಗಳಲ್ಲಿ ಯಾವುದು ಯುಕ್ತವೆಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಕೃಷ್ಣರಾಜಪೇಟೆ ನಾಗಮಂಗಲಗಳ ತೆಂಗಿನ ತೋಟದವರಿಗೆ ಸಂತೋಷ ತರುವ ಸಂಗತಿಯೊಂದಿದೆ. ಫಿಲಿಪೈನ್ಸ್ ದೇಶದಲ್ಲಿ ಒಣಚರ್ಮದ 34 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕೊಬ್ಬರಿಯೆಣ್ಣೆಯು ಔಷಧಾಲಯದ ಖನಿಜ ತೈಲಕ್ಕೆ ಸಮನಾಗಿ ಫಲ ಕೊಟ್ಟಿತು. ಸೂರ್ಯಕಾಂತಿ ಎಣ್ಣೆಯೂ ಚರ್ಮದ ಗೋಡೆಗೆ ಹಿತವೆಂದು ತಿಳಿದುಬಂದಿದೆ. ಇದಕ್ಕೆ ವಿರುದ್ಧವಾಗಿ, ಬೆಲೆಯಲ್ಲಿ ದುಬಾರಿಯಾದ ಆಲಿವ್ ಎಣ್ಣೆಯು ಗಾರೆಯನ್ನು ಸಡಿಲಿಸುತ್ತದೆಂದು ಇಂಗ್ಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಸಾಸಿವೆ ಎಣ್ಣೆಯು ಕೆಲವರಲ್ಲಿ ಉರಿ ಹುಟ್ಟಿಸುತ್ತದೆ. ನಮ್ಮ ಹರಳೆಣ್ಣೆ ಮಂದವಾದುದರಿಂದ ಹಿಮ್ಮಡಿಗೆ ಮುಚ್ಚಳದಂತೆ ಕೂರುತ್ತದೆ. ಆದರೆ ಬರಿಯ ಎಣ್ಣೆಯಲ್ಲಿ ತೇವಧಾರಕವಿಲ್ಲ. ಆದ್ದರಿಂದ ಚರ್ಮವು ಅತಿಯಾಗಿ ಒಣಗಿದವರಿಗೆ ಎಣ್ಣೆಯೊಂದೇ ಸಾಲದೆ, ಮೂರು ವರ್ಗಗಳೂ ಕೂಡಿದ ಮಂದವಾದ ಲೇಪವು ಬೇಕಾಗುತ್ತದೆ.

ಆರಿಸುವ ಕ್ರಮ

ಅಂಗಡಿಯಲ್ಲಿ ದೊರೆಯುವ ಲೇಪಗಳಲ್ಲಿ ಲೋಷನ್, ಕ್ರೀಮು, ಮುಲಾಮು ಎಂದು ಮೂರು ರೂಪಗಳಿವೆ. ಲೋಷನ್ನಿನಲ್ಲಿ ನೀರು ಹೆಚ್ಚು, ಜಿಡ್ಡು ಕಡಿಮೆ. ಸೀಸೆಯನ್ನು ಓರೆಮಾಡಿದರೆ ಸುರಿಯುತ್ತದೆ. ಕ್ರೀಮಿನಲ್ಲಿ ಎರಡೂ ಸರಿಸುಮಾರು, ಬೆರಳಿನಿಂದ ತೆಗೆಯಬೇಕು. ಮುಲಾಮಿನಲ್ಲಿ ಜಿಡ್ಡೇ ಪ್ರಧಾನ. ಚರ್ಮವು ಒಣಗಿದಷ್ಟೂ ಲೇಪವು ಮಂದವಾಗಿರಬೇಕೆಂಬುದು ಸಾಮಾನ್ಯ ನಿಯಮ. ಮುಖಕ್ಕೆ ಹಗುರವಾದ ಕ್ರೀಮು, ಕೈಕಾಲುಗಳಿಗೆ ಮಂದವಾದ ಕ್ರೀಮು, ಹಿಮ್ಮಡಿಗೆ ಮುಲಾಮು ಎಂದು ವಿಂಗಡಿಸಿಕೊಳ್ಳುವುದು ಲೇಸು. ಮೊಡವೆ ಏಳುವ ಮುಖಕ್ಕೆ ಮುಲಾಮು ಸಲ್ಲದು.

ಕೊಳ್ಳುವಾಗ ಡಬ್ಬಿಯ ಮುಂಭಾಗದ ಹೂವಿನ ಚಿತ್ರವನ್ನು ನೋಡದೆ ಹಿಂಭಾಗದ ಸಣ್ಣಕ್ಷರವನ್ನು ಓದಬೇಕು. ಘಟಕಗಳನ್ನು ಸಾಮಾನ್ಯವಾಗಿ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಗ್ಲಿಸರಿನ್, ಪೆಟ್ರೋಲಿಯಂ ಜೆಲ್ಲಿ ಮೊದಲಾದುವು ಪಟ್ಟಿಯ ಆರಂಭದಲ್ಲಿಯೇ ಇದ್ದರೆ ಅದು ಹುರುಳುಳ್ಳ ಲೇಪ. ಬಾದಾಮಿ, ಕೇಸರಿ, ಜೇನುಗಳ ಹೆಸರು ಮುಂದೆ ದಪ್ಪಕ್ಷರದಲ್ಲಿದ್ದು ಪಟ್ಟಿಯ ಕಡೆಯಲ್ಲಿ ಕಾಣಿಸಿಕೊಂಡರೆ ಅವು ಹೆಸರಿಗೆ ಮಾತ್ರ ಇವೆಯೆಂದು ತಿಳಿಯಬೇಕು. ಸುಗಂಧವಿಲ್ಲದ್ದನ್ನೇ ಆರಿಸಬೇಕು, ಬಿರಿದ ಚರ್ಮಕ್ಕೆ ಉರಿ ತುರಿಕೆಗಳನ್ನು ತರುವುದರಲ್ಲಿ ಸುಗಂಧದ್ರವ್ಯಗಳು ಮುಂದು. ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕಗಳು, ತಯಾರಕರ ಲೈಸೆನ್ಸು ಸಂಖ್ಯೆ ಇವು ಇಲ್ಲದ ಡಬ್ಬಿಯನ್ನು ಸಂತೆಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ತರಬಾರದು. ಹೊಸ ಲೇಪವನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಎರಡು ಮೂರು ದಿನ ಹಚ್ಚಿ, ಕೆಂಪಾಗದಿದ್ದರೆ ಮಾತ್ರ ಮುಂದುವರಿಯಬೇಕು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳದಿರಲಾಗದು. ‘ಬೆಳ್ಳಗಾಗಿಸುವ’ ಕ್ರೀಮುಗಳೆಂದು ಮಾರಾಟವಾಗುವ ಕೆಲವುಗಳಲ್ಲಿ ಸ್ಟೆರಾಯ್ಡ್ ಔಷಧವೋ ಪಾದರಸವೋ ಬೆರೆತಿರುತ್ತದೆ. ಸ್ಟೆರಾಯ್ಡನ್ನು ಹಚ್ಚಿದೊಡನೆ ಕೆಂಪು ತುರಿಕೆಗಳು ಅಡಗುವುದರಿಂದ ಜನರು ಅದನ್ನು ಒಳ್ಳೆಯ ಲೇಪವೆಂದೇ ಭ್ರಮಿಸುತ್ತಾರೆ. ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಬಳಸಿದರೆ ಚರ್ಮವು ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಹುಳುಕಡ್ಡಿ ಹರಡುತ್ತದೆ. ಈ ದುರುಪಯೋಗವನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2018ರಲ್ಲಿ 14 ಬಗೆಯ ಸ್ಟೆರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಒಣಚರ್ಮಕ್ಕೆ ಬೇಕಾದುದು ತೇವ, ಬಿಳುಪಲ್ಲ.

ಬಳಸುವ ಕ್ರಮ

ಲೇಪಕ್ಕಿಂತ ಮುಂಚೆ ಸ್ನಾನವನ್ನು ತಿದ್ದಿಕೊಳ್ಳಬೇಕು. ಚಳಿಗಾಲದಲ್ಲಿ ಹಂಡೆಯ ಸುಡುನೀರನ್ನು ಹೊಯ್ದುಕೊಳ್ಳುವುದು ಹಿತವೆನಿಸಿದರೂ ಅದು ಗಾರೆಯನ್ನು ಕರಗಿಸಿ ತೊಳೆಯುತ್ತದೆ. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷದ ಸ್ನಾನ ಸಾಕು. ಚರ್ಮದ ಸಹಜ ಗುಣವು ತುಸು ಆಮ್ಲೀಯ. ಸಾಮಾನ್ಯ ಸಾಬೂನು ಕ್ಷಾರ. ಆದ್ದರಿಂದ ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಸಾಬೂನು ಹಾಕಿ, ಮಿಕ್ಕ ಮೈಯನ್ನು ನೀರಿನಿಂದಲೋ ಹೆಸರುಹಿಟ್ಟಿನಿಂದಲೋ ತೊಳೆಯಬಹುದು. ನಾರಿನಿಂದ ಉಜ್ಜುವುದನ್ನು ಒಣಚರ್ಮದವರು ಬಿಡಬೇಕು.

ದೀಪಾವಳಿಯ ಎಣ್ಣೆಸ್ನಾನವು ಉತ್ತಮ ಸಂಪ್ರದಾಯವೇ. ಸ್ನಾನಕ್ಕೆ ಮುಂಚೆ ಹಚ್ಚಿದ ಎಣ್ಣೆಯು ಸಾಬೂನಿನ ಕ್ಷಾರದಿಂದ ಚರ್ಮವನ್ನು ಕಾಯುತ್ತದೆ. ಆದರೆ ಸೀಗೆಪುಡಿಯಿಂದಲೂ ಸಾಬೂನಿನಿಂದಲೂ ಅದನ್ನು ಪೂರ್ತಿಯಾಗಿ ತಿಕ್ಕಿ ತೆಗೆದರೆ ಸ್ನಾನದ ನಂತರ ತೇವವನ್ನು ಕಾಯಲು ಏನೂ ಉಳಿಯುವುದಿಲ್ಲ. ಅದಕ್ಕಾಗಿ ಸ್ನಾನವಾದ ಮೇಲೆ ಮೈಯನ್ನು ತಿಕ್ಕಿ ಒರಸದೆ ಟವೆಲಿನಿಂದ ಒತ್ತಿ, ತೇವವು ಇನ್ನೂ ಇರುವಾಗಲೇ ಮೂರು ನಿಮಿಷದೊಳಗೆ ಲೇಪವನ್ನು ಹಚ್ಚಬೇಕು. ರೋಮವು ಮಲಗಿರುವ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ, ಮೃದುವಾಗಿ ಸವರಬೇಕು. ಎದುರಾಗಿ ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆಗಳೇಳುವ ಸಂಭವವುಂಟು. ರಾತ್ರಿ ಮಲಗುವಾಗ ಮತ್ತೊಮ್ಮೆ ಹಚ್ಚಬೇಕು. ಪಾತ್ರೆ ತೊಳೆಯುವವರೂ ಗದ್ದೆಯಿಂದ ಬಂದವರೂ ಕೈಕಾಲು ತೊಳೆದಾಗಲೆಲ್ಲ ಹಚ್ಚಿಕೊಳ್ಳುವುದು ಮೇಲು.

ಎಷ್ಟು ಹಚ್ಚಬೇಕು? ಇದಕ್ಕೆ 1991ರಲ್ಲಿ ಬ್ರಿಟನ್ನಿನ ವೈದ್ಯರು ಸುಲಭವಾದ ಅಳತೆಯೊಂದನ್ನು ಪ್ರಕಟಿಸಿದರು. ಟ್ಯೂಬಿನಿಂದ ತೋರುಬೆರಳಿನ ತುದಿಯ ಗಿಣ್ಣಿನವರೆಗೆ ಹಿಂಡಿದ ಲೇಪವು ಸುಮಾರು ಅರ್ಧ ಗ್ರಾಂ; ಅದು ಎರಡು ಹಸ್ತಗಳಷ್ಟು ಜಾಗಕ್ಕೆ ಸಾಕು. ಒಂದು ಪಾದಕ್ಕೆ ಎರಡು ಬೆರಳಳತೆ, ಪಾದವನ್ನು ಬಿಟ್ಟು ಒಂದು ಕಾಲಿಗೆ ಆರು, ಹಸ್ತವನ್ನು ಬಿಟ್ಟು ಒಂದು ತೋಳಿಗೆ ಮೂರು. ಇಡೀ ಮೈಗೆ ನಲವತ್ತು, ಎಂದರೆ 20 ಗ್ರಾಂ. ಇದರಿಂದ ಒಂದು ಲೆಕ್ಕ ತಾನಾಗಿ ಸ್ಪಷ್ಟವಾಗುತ್ತದೆ. ದಿನಕ್ಕೆ ಎರಡು ಸಲ ಇಡೀ ಮೈಗೆ ಹಚ್ಚುವವರಿಗೆ 50 ಗ್ರಾಮಿನ ಸುಂದರವಾದ ಸೀಸೆಯು ಎರಡು ದಿನವೂ ಬಾರದು. ಎರಡು ಪಾದಗಳಿಗೆ ಮಾತ್ರವಾದರೆ ದಿನಕ್ಕೆ 4 ಗ್ರಾಂ, ತಿಂಗಳಿಗೆ 120 ಗ್ರಾಂ. ಆದ್ದರಿಂದ ಬೆಲೆಯುಳ್ಳ ಚಿಕ್ಕ ಸೀಸೆಯಿಂದ ಜಿಪುಣತನದಲ್ಲಿ ಸವರಿಕೊಳ್ಳುವುದಕ್ಕಿಂತ ಸಾದಾ ಲೇಪದ ದೊಡ್ಡ ಡಬ್ಬಿಯಿಂದ ಧಾರಾಳವಾಗಿ ಹಚ್ಚಿಕೊಳ್ಳುವುದೇ ಜಾಣತನ.

ಎರಡು ಜಾಗ್ರತೆಗಳು. ದೊಡ್ಡ ಡಬ್ಬಿಗೆ ಒದ್ದೆ ಬೆರಳನ್ನು ಹಾಕದೆ ಶುಚಿಯಾದ ಚಮಚದಿಂದ ತೆಗೆಯಬೇಕು. ಜಿಡ್ಡು ಹೀರಿದ ಬಟ್ಟೆಯು ಕಿಡಿ ಸೋಕಿದರೆ ಬೇಗ ಹೊತ್ತಿಕೊಳ್ಳುತ್ತದೆ. 2018ರಲ್ಲಿ ಬ್ರಿಟನ್ನಿನ ಔಷಧನಿಯಂತ್ರಣ ಸಂಸ್ಥೆಯು ಈ ಕುರಿತು ಎಚ್ಚರಿಕೆ ಕೊಟ್ಟಿದೆ. ಒಲೆಯ ಮುಂದೆ ಕೂರುವ ತಾಯಂದಿರೂ ಬೀಡಿ ಸೇದುವ ಮುದುಕರೂ ಇದನ್ನು ಮರೆಯಬಾರದು.

ಹಿಮ್ಮಡಿಯ ಒಡಕು

ಹಿಮ್ಮಡಿಯ ಚರ್ಮವು ದಪ್ಪವಾದುದು; ಅಲ್ಲಿ ಬೆವರುಂಟು, ಆದರೆ ಜಿಡ್ಡಿನ ಗ್ರಂಥಿಗಳಿಲ್ಲ. ಬರಿಗಾಲಿನಿಂದ ನಡೆಯುವವರಲ್ಲಿ ಮೈಭಾರವು ಒಣಗಿದ ಅಂಚನ್ನು ಹೊರಕ್ಕೆ ಒತ್ತಿದಾಗ ಅದು ಸೀಳುತ್ತದೆ. ಉಪ್ಪು, ನಿಂಬೆಹಣ್ಣುಗಳಿಂದ ತಿಕ್ಕುವುದು, ಸೀಮೆಎಣ್ಣೆ ಸವರುವುದು, ಬ್ಲೇಡಿನಿಂದ ಕೆರೆಯುವುದು ಇವು ಗಾಯವನ್ನು ಹೆಚ್ಚಿಸತಕ್ಕವು. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಕಾಲನ್ನು ನೆನೆಸಿ, ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಒತ್ತಿ ಒರಸಿ, ಯೂರಿಯವುಳ್ಳ ಕ್ರೀಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹಚ್ಚಿ, ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಬೇಕು. ಒಡಕು ಆಳವಾಗಿ ರಕ್ತ ಜಿನುಗುತ್ತಿದ್ದರೆ ಯೂರಿಯ ಉರಿಯುತ್ತದೆ. ಅದು ಕೂಡುವವರೆಗೆ ಜೆಲ್ಲಿಯೇ ಸಾಕು. ಹಗಲಿನಲ್ಲಿ ಹಿಮ್ಮಡಿ ಮುಚ್ಚುವ ಪಾದರಕ್ಷೆ ಬೇಕು. ಎರಡು ಮೂರು ವಾರ ಬಿಡದೆ ಮಾಡಿದರೆ ಗುಣವು ಕಾಣುತ್ತದೆ. ಗುಣ ಕಂಡಿತೆಂದು ಬಿಟ್ಟರೆ ಒಡಕು ಮರಳುತ್ತದೆ.

ಮಧುಮೇಹಿಗಳ ಪಾದದಲ್ಲಿ ನರಗಳು ಕುಂದಿ, ಬೆವರೂ ಸ್ಪರ್ಶಜ್ಞಾನವೂ ಕಡಿಮೆಯಾಗಿರುತ್ತವೆ. ಅವರು ಕಾಲನ್ನು ನೆನೆಸಿಡದೆ, ಬೆಚ್ಚಗಿನ ನೀರಿನಿಂದ ತೊಳೆದರೆ ಸಾಕು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಯೇ ಕಾಲಿಡಬೇಕು. ಕಲ್ಲಿನಿಂದ ತಿಕ್ಕಿಕೊಳ್ಳಬಾರದು. ಲೇಪವನ್ನು ಬೆರಳುಗಳ ಸಂದಿಗೆ ಹಚ್ಚಬಾರದು. ಅಲ್ಲಿ ತೇವ ನಿಂತರೆ ಹುಣ್ಣಾಗುತ್ತದೆ. ಪ್ರತಿದಿನವೂ ಅಂಗಾಲನ್ನು ಕನ್ನಡಿ ಹಿಡಿದೋ ಮನೆಯವರಿಂದಲೋ ನೋಡಿಸಿಕೊಳ್ಳಬೇಕು.

ವೈದ್ಯರ ಬಳಿಗೆ ಯಾವಾಗ?

ಒಣಗಿದಂತೆ ಕಾಣುವುದೆಲ್ಲ ಒಣಚರ್ಮವಲ್ಲ. ರಾತ್ರಿಯ ಹೊತ್ತು ತುರಿಕೆ ಹೆಚ್ಚಾಗಿ, ಬೆರಳ ಸಂದಿಗಳಲ್ಲಿ ಗುಳ್ಳೆಗಳಿದ್ದು, ಒಂದೇ ಕೊಠಡಿಯ ಹಲವರಿಗೆ ಒಟ್ಟಿಗೆ ಬಂದಿದ್ದರೆ ಅದು ಕಜ್ಜಿ. ವಿದ್ಯಾರ್ಥಿನಿಲಯಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಎಷ್ಟು ಲೇಪ ಹಚ್ಚಿದರೂ ಅದು ಹೋಗದು. ಎಲ್ಲರಿಗೂ ಒಂದೇ ಕಾಲದಲ್ಲಿ ಔಷಧ ಕೊಡಿಸಬೇಕು. ಮೈಮೇಲೆ ಬಣ್ಣಗುಂದಿದ ಮಚ್ಚೆಯಿದ್ದು, ಅದು ಬೆವರದೆ, ಮುಟ್ಟಿದರೆ ತಿಳಿಯದಿದ್ದರೆ ಕುಷ್ಠದ ಶಂಕೆಯುಂಟು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾದ, ಪೂರ್ತಿ ಗುಣಪಡಿಸುವ ಚಿಕಿತ್ಸೆಯಿದೆ. ಹುಟ್ಟಿನಿಂದಲೇ ಮೀನಿನ ಹುರುಪೆಯಂತಿರುವ ಚರ್ಮ, ಕೀವು, ಊತ, ಜ್ವರ, ಒಣಚರ್ಮದೊಡನೆ ಕಾರಣವಿಲ್ಲದ ಆಯಾಸ ಅಥವಾ ಮೈಭಾರದ ಏರಿಳಿತ ಇವು ಕಂಡರೂ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ಮತ್ತು ಮೂತ್ರಪಿಂಡಗಳ ದೋಷಗಳು ಚರ್ಮದಲ್ಲಿ ಮೊದಲು ತಲೆದೋರುವುದುಂಟು. ಮಂಡ್ಯ, ಮೈಸೂರುಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯೂ ನಮ್ಮವರ ಕೈಗೆಟುಕುವಷ್ಟು ದೂರದಲ್ಲಿಯೇ ಇವೆ.

ಉಪಸಂಹಾರ

ಮೇಲೆ ಹೇಳಿದುದನ್ನು ಸಂಗ್ರಹಿಸುವುದಾದರೆ: ನೀರು ಹದ ಕೊಡುತ್ತದೆ, ಜಿಡ್ಡು ಹದವನ್ನು ಕಾಯುತ್ತದೆ, ಒಣಗಿದಷ್ಟೂ ಲೇಪ ಮಂದವಾಗಿರಲಿ, ಸುಗಂಧ ಬೇಡ, ತೇವವಿರುವಾಗಲೇ ಹಚ್ಚಬೇಕು, ಧಾರಾಳವಾಗಿ, ದಿನವೂ, ಬಿಡದೆ ಹಚ್ಚಬೇಕು.

ಉಪಾಧ್ಯಾಯ ಬಂಧುಗಳು ಪುಷ್ಯಮಾಸದ ಬೆಳಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳ ತುಟಿಯನ್ನೂ ಮೊಣಕಾಲನ್ನೂ ಒಮ್ಮೆ ನೋಡಿದರೆ ಯಾರಿಗೆ ಲೇಪ ಬೇಕು, ಯಾರಿಗೆ ವೈದ್ಯರು ಬೇಕು ಎಂಬುದು ತಿಳಿಯುತ್ತದೆ. ಹಳೆಯ ವಿದ್ಯಾರ್ಥಿಗಳು ಊರಿಗೆ ಬರುವಾಗ ವೃದ್ಧರಾದ ತಾಯಿತಂದೆಗಳಿಗೆ ಸಿಹಿತಿಂಡಿಯೊಡನೆ ಒಂದು ದೊಡ್ಡ ಡಬ್ಬಿ ಸಾದಾ ಲೇಪವನ್ನೂ ತರಬಹುದು. ತಂದದ್ದನ್ನು ಕಪಾಟಿನಲ್ಲಿಡದೆ ಆ ಕಾಲುಗಳಿಗೆ ತಾವೇ ಹಚ್ಚಬಹುದು. ದಾನಿಗಳು ವಿದ್ಯಾರ್ಥಿನಿಲಯದ ಮಕ್ಕಳಿಗೆ ಕೊಡುವ ಬಟ್ಟೆ ಪುಸ್ತಕಗಳ ಜತೆಯಲ್ಲಿ ಚಳಿಗಾಲಕ್ಕೆ ತಲೆಗೊಂದು ಪೆಟ್ರೋಲಿಯಂ ಜೆಲ್ಲಿಯ ಡಬ್ಬಿಯನ್ನು ಸೇರಿಸಿದರೆ ಅದರ ವೆಚ್ಚ ಅಲ್ಪ, ಉಪಕಾರ ದೊಡ್ಡದು. ನಮ್ಮ ಅನ್ನಕ್ಕಾಗಿ ಕೆಸರಿನಲ್ಲಿ ನಿಂತ ಕಾಲುಗಳ ಬಿರುಕು ಕೂಡಿಸುವುದು ನಮ್ಮೆಲ್ಲರ ಋಣ. ಎಣ್ಣೆಗೂ ಪ್ರೀತಿಗೂ ಸ್ನೇಹವೆಂಬ ಒಂದೇ ಹೆಸರನ್ನಿಟ್ಟ ಹಿರಿಯರ ಮಾತು ಅಂಥ ಕೈಗಳಲ್ಲಿ ಸಾರ್ಥಕವಾಗಲಿ.